ಪ್ಯಾಡ್ ಹಾಕಿದ ಮೇಲೆ, ಘಾಟಿ ಇಳಿಯುವ ಮೊದಲು

ಗಾಡಿ: 2014ರ ಡೀಸೆಲ್ ಸ್ವಿಫ್ಟ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್, ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ. ಕೆಲಸ: ಮುಂದಿನ ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕಿ, ಅವನ್ನು ಡಿಸ್ಕಿಗೆ ಪಳಗಿಸುವುದು, ಅಂದರೆ ಹದವಾಗಿ ಕಾಯಿಸಿ ಪ್ಯಾಡಿನ ತೆಳು ಪದರ ಡಿಸ್ಕಿಗೆ ಹತ್ತಿಸುವುದು. ಜಾಗ: ಶಿವಮೊಗ್ಗದ ನಮ್ಮ ಮನೆಯಂಗಳ, ಆಮೇಲೆ ಸವಳಂಗ ರಸ್ತೆ, ಕೊನೆಗೆ ಆಗುಂಬೆ.

ನಮ್ಮೂರಲ್ಲಿ ಪ್ಯಾಡ್ ಬದಲಿಸಿಕೊಡುವವರಿಗೆ ಬರವಿಲ್ಲ. ಅರ್ಧ ಗಂಟೆಯಲ್ಲಿ ಮುಗಿಸಿ ಕೀಲಿ ಕೈಗಿಡುತ್ತಾರೆ. ಇಡುವಾಗ ಒಂದು ಮಾತು ಹೇಳುತ್ತಾರೆ: "ಒಂದ್ಸಲ ಘಾಟಿ ಇಳಿಸ್ಕಂಡು ಬನ್ನಿ ಸಾರ್, ತಾನೇ ಸೆಟ್ ಆಗತ್ತೆ." ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗೆ ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಸ ಪ್ಯಾಡ್ ಘಾಟಿಗೆ ಹೋಗುವ ಮೊದಲೇ ಸಮತಟ್ಟಾದ ರಸ್ತೆಯಲ್ಲಿ ಪಳಗಿರಬೇಕು. ಅದನ್ನು ಹೇಗೆ ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಎಂಬುದನ್ನು ಕ್ರಮವಾಗಿ ಬರೆದಿಟ್ಟಿದ್ದೇನೆ.

1. ಬಿಚ್ಚಿ ನೋಡಿದ್ದು (ಅಕ್ಟೋಬರ್, ದಸರಾ ಮುಗಿದ ಮೇಲೆ)

ತೊಂದರೆ ಎರಡಿತ್ತು. 70ರ ವೇಗದಲ್ಲಿ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತಿತ್ತು. ಮಣಿಪಾಲಕ್ಕೆ ಹೋಗುವಾಗ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದರೆ ಎಡ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ತೋರಿಸಿದ ವರ್ಕ್‌ಶಾಪಿನಲ್ಲಿ "ಡಿಸ್ಕ್ ಬೆಂಡ್ ಆಗಿದೆ, ಎರಡೂ ಬದಲಿಸಬೇಕು" ಅಂದರು. ಡಿಸ್ಕ್ ಜೋಡಿಗೇ 4,200 ರೂಪಾಯಿ. ಅಳತೆ ಹಿಡಿಯದೆ ಹೇಳಿದ ಮಾತು ಅದು. ಮೊದಲು ಅಳೆಯೋಣ ಅಂತ ಮನೆಗೆ ತಂದೆ.

ಬೇಕಾದ ಸಾಮಾನು: ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರದ ನಟ್ಟಿಗೆ 19ರ ಸ್ಪ್ಯಾನರ್, ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬೋಲ್ಟಿಗೆ 14ರ ರಿಂಗ್ ಸ್ಪ್ಯಾನರ್, ಸಿ-ಕ್ಲ್ಯಾಂಪ್, ತಂತಿ ಬ್ರಷ್, ಸಣ್ಣ ಅರ, 120ರ ಮರಳು ಕಾಗದ, ಬ್ರೇಕ್ ಕ್ಲೀನರ್. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಗೆಳೆಯ ಮೈಕ್ರೋಮೀಟರನ್ನೂ ಆಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜನ್ನೂ ತಂದುಕೊಟ್ಟ. ಶಿವಮೊಗ್ಗದಲ್ಲಿ ಎರಕದ ಕಬ್ಬಿಣ ಬಲ್ಲವರು ಸಿಗುವುದು ಕಷ್ಟವಲ್ಲ. ಬ್ರೇಕ್ ಡಿಸ್ಕೂ ಅದೇ ಬೂದು ಎರಕದ ಕಬ್ಬಿಣವೇ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿದ್ದು. ಬರೀ ಜಾಕ್ ನಂಬಿ ಯಾರೂ ಕೈ ಒಳಗೆ ಹಾಕಬೇಡಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ರಬ್ಬರ್ ಹೋಸಿನಲ್ಲಿ ಜೋತು ಬಿಡಲಿಲ್ಲ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ.

ಹಳೆ ಪ್ಯಾಡುಗಳಲ್ಲಿ ಉಳಿದಿದ್ದ ದಪ್ಪ ಹೀಗಿತ್ತು. ಬಲಗಡೆ ಒಳಗಿನದು 3.5 ಮಿ.ಮೀ., ಹೊರಗಿನದು 4. ಎಡಗಡೆ ಒಳಗಿನದು 2 ಮಿ.ಮೀ., ಹೊರಗಿನದು 5. ಈ ಎಡಗಡೆಯ ಲೆಕ್ಕವೇ ಅರ್ಧ ಕಥೆ ಹೇಳುತ್ತದೆ. ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಹೊರಗಿನ ಪ್ಯಾಡನ್ನು ಎಳೆಯಬೇಕಾದರೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಬೇಕು. ಜಾರದಿದ್ದರೆ ಒಳಗಿನ ಪ್ಯಾಡೇ ಎಲ್ಲ ಭಾರ ಹೊರುತ್ತದೆ.

ಡಿಸ್ಕಿನ ದಪ್ಪ ಎರಡೂ ಕಡೆ ಅದರ ಮೇಲೇ ಅಚ್ಚೊತ್ತಿದ ಕನಿಷ್ಠ ಅಳತೆಗಿಂತ 0.9 ಮಿ.ಮೀ. ಹೆಚ್ಚಿತ್ತು. ಬದಲಿಸುವ ಅಗತ್ಯವೇ ಇರಲಿಲ್ಲ. ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿದಾಗ ಎಡ ಡಿಸ್ಕಿನ ಓಲಾಟ 0.12 ಮಿ.ಮೀ. ತೋರಿಸಿತು. ಅದು ಜಾಸ್ತಿಯೇ. ಆದರೆ ಡಿಸ್ಕಿನಲ್ಲಿರುವ ಎರಡು ತೂತಿಗೆ 8 ಮಿ.ಮೀ. ಬೋಲ್ಟ್ ಹಾಕಿ ತಳ್ಳಿ ಅದನ್ನು ಹೊರತೆಗೆದರೆ, ಡಿಸ್ಕ್ ಕೂರುವ ಹಬ್ಬಿನ ಮುಖದ ಮೇಲೆ ಪದರ ಪದರವಾಗಿ ತುಕ್ಕು. ನಮ್ಮ ಮಳೆಗಾಲ ನೋಡಿದ ಯಾವ ಗಾಡಿಯಲ್ಲೂ ಇದು ಇರುತ್ತದೆ. ತಂತಿ ಬ್ರಷ್ಷಿನಿಂದ ಹಬ್ಬನ್ನೂ ಡಿಸ್ಕಿನ ಹಿಂಬದಿಯನ್ನೂ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಕೂರಿಸಿ, ನಟ್ಟು ಬಿಗಿದು ಅಳೆದರೆ 0.05. "ಬೆಂಡ್" ಆಗಿದ್ದು ಡಿಸ್ಕಲ್ಲ, ನಡುವೆ ಕೂತಿದ್ದ ತುಕ್ಕು.

ಡಿಸ್ಕಿನ ಮುಖದಲ್ಲಿ ಅಲ್ಲಲ್ಲಿ ಕಪ್ಪು ತೇಪೆ ಇತ್ತು. ಹಿಂದಿನ ಸಲ ಹಾಕಿದ ಪ್ಯಾಡ್ ಪಳಗದೆ ಬಿಸಿಯಾಗಿ ಅಂಟಿಸಿ ಹೋದ ಗುರುತು ಅದು. ಕೈಯಲ್ಲಿ ನಡುಗುತ್ತಿದ್ದುದು ಇದೇ. ಮರದ ತುಂಡಿಗೆ 120ರ ಕಾಗದ ಸುತ್ತಿ, ಅಡ್ಡಡ್ಡ ಗೆರೆ ಬೀಳುವ ಹಾಗೆ ಎರಡೂ ಮುಖ ಉಜ್ಜಿದೆ. ತೇಪೆ ಪೂರ್ತಿ ಹೋಗುವವರೆಗೆ ಬಿಡಬಾರದು. ಹಳೆ ಪ್ಯಾಡಿನ ಪದರದ ಮೇಲೆ ಹೊಸ ಪ್ಯಾಡಿನ ಪದರ ಸರಿಯಾಗಿ ಕೂರುವುದಿಲ್ಲ.

2. ಜೋಡಣೆ

ಹೊಸ ಪ್ಯಾಡ್ ಸೆಟ್ 1,450 ರೂಪಾಯಿ. ಅಂಗಡಿಯಲ್ಲಿ ಡಬ್ಬಿಯೊಳಗಿನ ಕಾಗದವನ್ನೂ ಕೇಳಿ ತಗೊಳ್ಳಿ. ಪಳಗಿಸುವ ಕ್ರಮ ಅದರಲ್ಲಿದ್ದರೆ ಅದೇ ಪ್ರಮಾಣ. ಪ್ಯಾಡಿನ ಮಿಶ್ರಣ ಬೇರೆಯಾದರೆ ಕ್ರಮವೂ ಬೇರೆಯಾಗುತ್ತದೆ.

ಪಿಸ್ಟನ್ ಹಿಂದಕ್ಕೆ ಒತ್ತುವಾಗ ಬಾನೆಟ್ ಒಳಗಿನ ಬ್ರೇಕ್ ಎಣ್ಣೆ ಡಬ್ಬಿಯಲ್ಲಿ ಎಣ್ಣೆ ಉಕ್ಕಿ ಬರುತ್ತದೆ. ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆದಿಟ್ಟೆ. ಬ್ರೇಕ್ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ಹಾಗಾಗಿ ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ. ಪ್ಯಾಡಿನ ಕಿವಿಗಳು ಕೂರುವ ಬ್ರಾಕೆಟ್ಟಿನ ತುಕ್ಕನ್ನು ಅರದಿಂದ ತೆಗೆದು, ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿಯುವಷ್ಟು ಮಾಡಿದೆ. ಪಿನ್ನುಗಳನ್ನು ಎಳೆದು, ಹಳೆ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಎಡಗಡೆಯ ಪಿನ್ನುಗಳಲ್ಲಿದ್ದದ್ದು ಚಾಸಿಗೆ ಹಾಕುವ ಕಂದು ಗ್ರೀಸ್. ಹಿಂದೆ ಯಾವುದೋ ಸರ್ವಿಸಿನಲ್ಲಿ ತುಂಬಿದ್ದು. ಒರೆಸಿ ಹೊಸದು ಹಚ್ಚಿದ ಮೇಲೆ ಕೈಯಲ್ಲಿ ಸಲೀಸಾಗಿ ಜಾರುತ್ತಿತ್ತು. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಬ್ರೇಕ್ ಎಣ್ಣೆ ಬದಲಿಸುವ ಅವಧಿಯೂ ಬಂದಿತ್ತು. ಡಾಟ್ 3 ದರ್ಜೆಯ ಎಣ್ಣೆಯ ಜಾಗಕ್ಕೆ ಡಾಟ್ 4 ಹಾಕಿದೆ. ಎರಡೂ ಒಂದೇ ಜಾತಿಯ ಎಣ್ಣೆ, ಬೆರೆತರೆ ತೊಂದರೆಯಿಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಅನ್ನುತ್ತದೆ ಮಾನದಂಡ, ಡಾಟ್ 4ಕ್ಕೆ 230. ತೇವ ಹೀರಿದ ಮೇಲೆ ಇವು 140 ಮತ್ತು 155ಕ್ಕೆ ಇಳಿಯುತ್ತವೆ. ಬಟ್ಟೆ ಒಣಗದ, ಗೋಡೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಈ ಎಣ್ಣೆಯೂ ತೇವ ಹೀರುತ್ತಲೇ ಇರುತ್ತದೆ.

ಕೊನೆಗೆ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಅದಾದ ಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿದದ್ದು ಬಹಳ ಮುಖ್ಯ. ಪಿಸ್ಟನ್ ಹಿಂದೆ ಹೋಗಿರುವಾಗ ಮೊದಲ ತುಳಿತ ನೇರ ನೆಲಕ್ಕೆ ಹೋಗುತ್ತದೆ. ಗೇಟಿನಿಂದ ಆಚೆ ಇಳಿಜಾರಿದ್ದರೆ ಅಷ್ಟೇ ಸಾಕು, ಅನಾಹುತಕ್ಕೆ.

3. ಸವಳಂಗ ರಸ್ತೆ, ಬೆಳಗಿನ ಜಾವ

ಪಳಗಿಸಲು ಎಂಥ ರಸ್ತೆ ಬೇಕು? ಸಮತಟ್ಟಾಗಿರಬೇಕು, ಒಣಗಿರಬೇಕು, ಹಿಂದೆ ಗಾಡಿ ಇರಬಾರದು. ತೀರ್ಥಹಳ್ಳಿ ರಸ್ತೆ ಗಾಜನೂರು ದಾಟಿದರೆ ತಿರುವು, ಕಾಡು. ಸಕ್ರೆಬೈಲಿನ ಹತ್ತಿರ ಪ್ರವಾಸಿಗಳು ರಸ್ತೆ ಅಂಚಿನಲ್ಲೇ ನಿಂತಿರುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆ ಲಾರಿ, ಬಸ್ಸು. ಸವಳಂಗ ರಸ್ತೆಯಲ್ಲಿ ನವುಲೆ ಕಳೆದು ಅಬ್ಬಲಗೆರೆ ದಾಟಿದ ಮೇಲೆ ಉದ್ದಕ್ಕೆ ನೇರ ತುಂಡುಗಳು ಸಿಗುತ್ತವೆ. ಆರು ಗಂಟೆಗೆ ಹಾಲಿನ ಗಾಡಿ ಬಿಟ್ಟರೆ ಯಾರೂ ಇಲ್ಲ. ಗೆಳೆಯ ಹಿಂದಿನ ಸೀಟಿನಲ್ಲಿ ಕೂತು ಹಿಂದೆ ನೋಡುತ್ತಾ "ಬಾ" ಅಂದರೆ ಮಾತ್ರ ಬ್ರೇಕ್. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಇಟ್ಟುಕೊಂಡ ಕ್ರಮ:

ಮೊದಲ ಸುತ್ತು ಹಗುರ. 50ರಿಂದ 10ಕ್ಕೆ, ಮಧ್ಯಮ ಒತ್ತಡದಲ್ಲಿ, ಹತ್ತು ಸಲ. ಎರಡು ಬ್ರೇಕಿನ ನಡುವೆ ಅರ್ಧ ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ ಗಾಳಿ ಕೊಡುವುದು.

ಎರಡನೆಯದು ಗಟ್ಟಿ. 70ರಿಂದ 20ಕ್ಕೆ, ಎದುರಿಗೆ ದನ ಬಂದರೆ ಹಿಡಿಯುವುದಕ್ಕಿಂತ ಸ್ವಲ್ಪ ಕಡಿಮೆ ಒತ್ತಡದಲ್ಲಿ, ಆರೆಂಟು ಸಲ. ಎಬಿಎಸ್ ಇಲ್ಲದ ಗಾಡಿಯಾದ್ದರಿಂದ ಚಕ್ರ ಕಚ್ಚಿಕೊಳ್ಳದಂತೆ ಕಾಲಿನ ಅಳತೆ ಬೇಕು.

ಮೂರನೆಯದು ತಣಿಸುವುದು. ಹತ್ತು ನಿಮಿಷ ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸುವುದು, ಆಮೇಲೆ ನಿಲ್ಲಿಸಿ ಪೂರ್ತಿ ಆರಲು ಬಿಡುವುದು.

ಇಡೀ ಕ್ರಮದಲ್ಲಿ ಒಂದು ಸಲವೂ ಗಾಡಿಯನ್ನು ಪೂರ್ತಿ ನಿಲ್ಲಿಸಬಾರದು. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಹಿಡಿದು ನಿಂತರೆ ಅಲ್ಲಿ ಅಚ್ಚು ಬೀಳುತ್ತದೆ. ನಡುಕ ಮತ್ತೆ ಅಲ್ಲಿಂದಲೇ ಶುರು. ಇದು ಹೊಸ ಕಬ್ಬಿಣದ ಕಾವಲಿ ಪಳಗಿಸಿದ ಹಾಗೆ: ತೆಳುವಾಗಿ, ಎಲ್ಲ ಕಡೆ ಒಂದೇ ಸಮ, ಕಾವು ಏರಿಸುತ್ತಾ ಹೋಗಬೇಕು. ಪ್ಯಾಡಿನಲ್ಲಿರುವ ರಾಳ ಮೊದಲ ಸಲ ಕಾದಾಗ ಅನಿಲ ಬಿಡುತ್ತದೆ, ಪ್ಯಾಡಿನ ತೆಳು ಪದರ ಡಿಸ್ಕಿಗೆ ಹತ್ತುತ್ತದೆ. ಆಮೇಲೆ ಹಿಡಿತ ಕೊಡುವುದು ಆ ಪದರ.

ಇನ್‌ಫ್ರಾರೆಡ್ ಥರ್ಮಾಮೀಟರ್ 950 ರೂಪಾಯಿಗೆ ತಂದಿದ್ದೆ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಅದರ ಅಂಕಿ ಮುಖ್ಯವಲ್ಲ, ಎಡಬಲದ ವ್ಯತ್ಯಾಸ ಮುಖ್ಯ.

ಮೊದಲ ಸುತ್ತು ಚೆನ್ನಾಗಿ ಹೋಯಿತು. ಗಟ್ಟಿ ಸುತ್ತಿನ ಅರ್ಧಕ್ಕೆ ಗಾಡಿ ಎಡಕ್ಕೆ ಎಳೆಯತೊಡಗಿತು. ರಾಳದ ವಾಸನೆ ಸ್ವಲ್ಪ ಬರುವುದು ಸಹಜ, ಆದರೆ ಇದು ಒಂದೇ ಕಡೆಯಿಂದ ಬರುತ್ತಿತ್ತು. ಕ್ರಮ ನಿಲ್ಲಿಸಿ ಬ್ರೇಕ್ ಮುಟ್ಟದೆ ಓಡಿಸಿ, ಇಳಿಯುವಾಗ ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸಿ ಅಳೆದೆವು. ಅದು ಹಿಂದಿನ ಡ್ರಮ್ಮನ್ನು ಮಾತ್ರ ಹಿಡಿಯುತ್ತದೆ, ಮುಂದಿನ ಡಿಸ್ಕಿಗೆ ಅಚ್ಚು ಬೀಳುವುದಿಲ್ಲ. ಬಲ 120, ಎಡ 210. ಎಡ ಪ್ಯಾಡ್ ಬಿಡುತ್ತಿರಲಿಲ್ಲ, ಉಜ್ಜುತ್ತಲೇ ಇತ್ತು.

ಇದೇ ಗಾಡಿಯನ್ನು ಮೆಕ್ಯಾನಿಕ್ ಮಾತು ಕೇಳಿ ನೇರ ಘಾಟಿಗೆ ಇಳಿಸಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು 500 ಮೀಟರ್ ಇಳಿತ. 1,100 ಕಿಲೋ ತೂಕದ ಗಾಡಿಯನ್ನು ಬರೀ ಬ್ರೇಕಿನಲ್ಲಿ ಇಳಿಸಿದರೆ, 60ರ ವೇಗದಿಂದ ಪೂರ್ತಿ ನಿಲ್ಲಿಸುವ ಕೆಲಸವನ್ನು 35 ಸಲ ಮಾಡಿದಷ್ಟು ಶಾಖ, ಅದೂ ನಡುವೆ ತಣಿಯಲು ಬಿಡುವಿಲ್ಲದೆ. ಹಸಿ ಪ್ಯಾಡಿನ ಅನಿಲವೆಲ್ಲ ಅಲ್ಲೇ, ಆ ಹದಿನಾಲ್ಕು ತಿರುವುಗಳ ನಡುವೆ ಹೊರಗೆ ಬರುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ.

4. ಎಡ ಕ್ಯಾಲಿಪರ್, ಕೆಳಗಿನ ಪಿನ್

ಮನೆಗೆ ಬಂದು ಆರಿದ ಮೇಲೆ ಕೈ ಹಾಕಿದರೆ ಮತ್ತೆ ಸಲೀಸಾಗಿ ಜಾರುತ್ತಿದೆ! ತಣ್ಣಗಿದ್ದಾಗ ಎಷ್ಟು ಹುಡುಕಿದರೂ ಸಿಗದ ರೋಗ. ಪಿನ್ನನ್ನು ಬ್ರಾಕೆಟ್ಟಿನೊಂದಿಗೆ ಬಿಚ್ಚಿ, ಬಕೆಟ್ಟಿನಲ್ಲಿ ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಳುಗಿಸಿ, ಇಕ್ಕಳದಲ್ಲಿ ಹಿಡಿದು ಎಳೆದೆ. ಬರಲಿಲ್ಲ. ತಿರುಚಿ ತಿರುಚಿ ತೆಗೆಯಬೇಕಾಯಿತು.

ಕೆಳಗಿನ ಪಿನ್ನಿನ ತುದಿಗೆ ಒಂದು ರಬ್ಬರ್ ಕೊಳವೆ ಇರುತ್ತದೆ, ಗಡಗಡ ಸದ್ದು ಬಾರದಿರಲಿ ಅಂತ. ವರ್ನಿಯರಿನಲ್ಲಿ ಅಳೆದರೆ ಎಡಗಡೆಯದು ಬಲಗಡೆಯದಕ್ಕಿಂತ 0.6 ಮಿ.ಮೀ. ದಪ್ಪ. ಉಗುರು ಒತ್ತಿದರೆ ಮೆತ್ತಗೆ ತಗ್ಗುತ್ತಿತ್ತು. ಆ ಕಂದು ಪೆಟ್ರೋಲಿಯಂ ಗ್ರೀಸ್ ಕುಡಿದು ಉಬ್ಬಿದ ರಬ್ಬರ್. ಬ್ರೇಕಿನ ರಬ್ಬರಿಗೆ ಆ ಗ್ರೀಸ್ ವಿಷ. ಒರೆಸಿ ಹೊಸ ಗ್ರೀಸ್ ಹಚ್ಚಿದರೂ ಉಬ್ಬಿದ್ದು ಇಳಿಯುವುದಿಲ್ಲ, ಕಾದಾಗ ಇನ್ನಷ್ಟು ಹಿಗ್ಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಹತ್ತು ರೂಪಾಯಿ ಗ್ರೀಸಿನಲ್ಲಿ ಯಾರೋ ಮಾಡಿದ ಅಡ್ಡದಾರಿಗೆ ಆ ಹಳೆ ಸೆಟ್ ಪ್ಯಾಡ್ ಹೋಯಿತು, ಸೋಮೇಶ್ವರದ ಆ ಸುಟ್ಟ ವಾಸನೆಯೂ ಅದರದ್ದೇ. ಇಂಥದ್ದು ನೋಡಿದರೆ ಸಿಟ್ಟು ಬರುತ್ತದೆ. ಆ ಗಾಡಿಯಲ್ಲಿ ಕೂರುವುದು ಮನೆ ಮಂದಿಯೆಲ್ಲ.

ಎರಡೂ ಕಡೆಗೆ ಪಿನ್, ರಬ್ಬರ್ ಕೊಳವೆ, ದೂಳಿನ ತೊಪ್ಪಿಗೆ ಇರುವ ಕಿಟ್ 380 ರೂಪಾಯಿ. ಬ್ರಾಕೆಟ್ಟಿನ ತೂತುಗಳನ್ನು ಬ್ರೇಕ್ ಕ್ಲೀನರ್ ಮತ್ತು ಬಟ್ಟೆ ಬತ್ತಿಯಿಂದ ಕಂದು ಬಣ್ಣ ಬಾರದಿರುವವರೆಗೆ ತೊಳೆದೆ. ಈ ಸಲ ಜೋಡಿಸಿದ ಮೇಲೆ ಕುದಿನೀರಿನ ಪರೀಕ್ಷೆ ಮಾಡಿಯೇ ಮುಂದಕ್ಕೆ. ಬಿಸಿಯಲ್ಲೂ ಎರಡು ಬೆರಳಲ್ಲಿ ಜಾರಿತು.

ಎಡಗಡೆಯ ಹೊಸ ಪ್ಯಾಡ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಂದರೆ ಮೇಲ್ಮೈ ಸುಟ್ಟು ಗಟ್ಟಿಯಾಗಿತ್ತು. ಬಿರುಕು ಇರಲಿಲ್ಲ, ಅಂಚು ಕಿತ್ತಿರಲಿಲ್ಲ, ಇದ್ದಿದ್ದರೆ ಎಸೆಯಬೇಕಿತ್ತು. ದಪ್ಪ ಗಾಜಿನ ಮೇಲೆ ಮರಳು ಕಾಗದ ಹಾಸಿ, ಮೂಗಿಗೆ ಬಟ್ಟೆ ಕಟ್ಟಿ, ಹೊಳಪು ಹೋಗುವವರೆಗೆ ನಾಲ್ಕೂ ಪ್ಯಾಡನ್ನು ಉಜ್ಜಿದೆ. ಡಿಸ್ಕನ್ನೂ ಮತ್ತೆ ಉಜ್ಜಿದೆ. ಒಂದು ಕಡೆಯದನ್ನು ಮಾತ್ರ ಹೊಸದಾಗಿ ಶುರು ಮಾಡಿದರೆ ಎಡಬಲ ಹಿಡಿತ ಬೇರೆ ಬೇರೆಯಾಗುತ್ತದೆ.

5. ಹಿಂಗಾರು

ಮತ್ತೆ ಸವಳಂಗ ರಸ್ತೆ. ಗಾಡಿ ನೇರ, ಎಡಬಲದ ವ್ಯತ್ಯಾಸ ಹತ್ತು ಡಿಗ್ರಿಯೊಳಗೆ. ಹಗುರ ಸುತ್ತು ಮುಗಿದು ಗಟ್ಟಿ ಸುತ್ತು ಶುರುವಾಗುವ ಹೊತ್ತಿಗೆ ಕುಂಸಿ ಕಡೆಯಿಂದ ಮೋಡ ಕವಿದು ಜೋರು ಮಳೆ. ಅಲ್ಲಿಗೇ ಬಿಟ್ಟು ನಿಧಾನವಾಗಿ ಮನೆಗೆ. ಕಾದ ಡಿಸ್ಕಿಗೆ ನೀರು ಎರಚಿದರೆ ಕಾವು ಎಲ್ಲ ಕಡೆ ಸಮ ಇರುವುದಿಲ್ಲ, ಪದರ ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತುವುದಿಲ್ಲ. ಮರುದಿನ ಚಕ್ರದ ಕಿಂಡಿಯಿಂದ ನೋಡಿದರೆ ಬಲ ಡಿಸ್ಕಿನಲ್ಲಿ ತೆಳು ಮಚ್ಚೆ. ಮೂರನೇ ಸಲ ಉಜ್ಜಿದ್ದು ಇದಕ್ಕೆ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಇಟ್ಟುಕೊಳ್ಳಲೇಬಾರದು ಅಂತ ಆಗ ಗಟ್ಟಿಯಾಯಿತು. ಮೇ ತಿಂಗಳಲ್ಲಿ ಪ್ಯಾಡ್ ನೋಡಿ, 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಮಳೆ ಹಿಡಿಯುವ ಮೊದಲೇ ಬದಲಿಸಿ ಪಳಗಿಸಿಬಿಡುವುದು ಲೇಸು.

6. ಪಳಗಿದ್ದು (ನವೆಂಬರ್, ದೀಪಾವಳಿ ಕಳೆದು)

ಆಕಾಶ ತಿಳಿಯಾದ ಬೆಳಿಗ್ಗೆ. ರಾತ್ರಿಯ ಇಬ್ಬನಿಗೆ ಡಿಸ್ಕಿನ ಮೇಲೆ ಕೇಸರಿ ಬಣ್ಣದ ತುಕ್ಕಿನ ಪೊರೆ ಬಂದಿತ್ತು. ಅದು ಮೊದಲ ಎರಡು ಬ್ರೇಕಿಗೆ ಹೋಗುತ್ತದೆ, ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಗುರ ಸುತ್ತು, ಗಟ್ಟಿ ಸುತ್ತು ತಡೆಯಿಲ್ಲದೆ ಮುಗಿದವು. ಗಟ್ಟಿ ಸುತ್ತಿನ ನಡುವೆ ಒಂದು ಘಳಿಗೆ ಪೆಡಲಿಗೆ ಹಿಡಿತ ಕಡಿಮೆಯಾದಂತೆ ಅನ್ನಿಸಿತು, ವಾಸನೆ ಬಂತು, ಮುಂದಿನ ಎರಡು ಮೂರು ಬ್ರೇಕಿನಲ್ಲಿ ಹಿಡಿತ ಮೊದಲಿಗಿಂತ ಚೆನ್ನಾಗಿ ಮರಳಿತು. ಪ್ಯಾಡ್ ಹಸಿತನ ಕಳೆದುಕೊಳ್ಳುವುದು ಹೀಗೆಯೇ. ಇದು ಸಮತಟ್ಟಿನಲ್ಲಿ ಆಗಬೇಕು, ಘಾಟಿಯಲ್ಲಿ ಆಗಬಾರದು ಅನ್ನುವುದಕ್ಕೇ ಇಷ್ಟೆಲ್ಲ.

ತಣಿಸುವ ಓಟ ಮುಗಿದಾಗ ಎಡ 138, ಬಲ 131. ಮನೆಯಲ್ಲಿ ಆರಿದ ಮೇಲೆ ಡಿಸ್ಕಿನ ಎರಡೂ ಮುಖ ಒಂದೇ ಸಮನಾದ ಬೂದು-ನೀಲಿ, ಎಲ್ಲೂ ತೇಪೆಯಿಲ್ಲ. ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, ಟಾರ್ಕ್ ಸ್ಪ್ಯಾನರಿನಲ್ಲಿ, ಗಾಡಿಯ ಕೈಪಿಡಿ ಹೇಳಿದಷ್ಟೇ ಮತ್ತೊಮ್ಮೆ ಬಿಗಿದೆ. ಕಾಲಿನಿಂದ ತುಳಿದು ಬಿಗಿದ ನಟ್ಟು ಡಿಸ್ಕನ್ನು ಓರೆ ಮಾಡುತ್ತದೆ, ಹಬ್ಬಿನ ತುಕ್ಕು ತೆಗೆದ ಶ್ರಮ ವ್ಯರ್ಥ.

7. ಆಗುಂಬೆ

ಮುಂದಿನ 300 ಕಿ.ಮೀ. ಊರೊಳಗೆ ಮತ್ತು ಭದ್ರಾವತಿ ಕಡೆ ಮಾತ್ರ ಓಡಿಸಿ, ತುರ್ತು ಬಿಟ್ಟರೆ ಜೋರು ಬ್ರೇಕ್ ಹಿಡಿಯಲಿಲ್ಲ. ಆಮೇಲೆ ಮಂಡಗದ್ದೆ, ತೀರ್ಥಹಳ್ಳಿ ದಾರಿಯಾಗಿ ಘಾಟಿಗೆ. ಮೇಲಿನ ಚೆಕ್‌ಪೋಸ್ಟಿನಿಂದಲೇ ಎರಡನೇ ಗೇರ್. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡುವುದು, ತಿರುವು ಮುಗಿದ ಮೇಲೆ ಎಂಜಿನ್ನಿಗೆ ಒಪ್ಪಿಸುವುದು. ಕಾಲು ಪೆಡಲ್ ಮೇಲೆ ಇಟ್ಟೇ ಇಳಿಯುವ ಅಭ್ಯಾಸ ಇರುವವರಿಗೆ ಯಾವ ಪ್ಯಾಡೂ ಬಾಳಿಕೆ ಬರುವುದಿಲ್ಲ.

ಸೋಮೇಶ್ವರದಲ್ಲಿ ಎಡ 148, ಬಲ 143. ವಾಸನೆಯಿಲ್ಲ. ಹೆಬ್ರಿ ಕಡೆಯ ನೇರ ರಸ್ತೆಯಲ್ಲಿ 70ರಿಂದ ಹಿಡಿದರೆ ಸ್ಟೀರಿಂಗ್ ಅಲುಗಲಿಲ್ಲ.

8. ಖರ್ಚು, ಉಳಿದ ಕೆಲಸ

ಪ್ಯಾಡ್ 1,450, ಪಿನ್ ಕಿಟ್ 380, ಸಿಲಿಕೋನ್ ಗ್ರೀಸ್ 160, ಬ್ರೇಕ್ ಕ್ಲೀನರ್ 320, ಡಾಟ್ 4 ಎಣ್ಣೆ 240, ಮರಳು ಕಾಗದ 40. ಒಟ್ಟು 2,590 ರೂಪಾಯಿ. ಥರ್ಮಾಮೀಟರ್ 950 ಬೇರೆ, ಅದು ಮನೆಯಲ್ಲಿ ಉಳಿಯುತ್ತದೆ. ಡೀಸೆಲ್ ಸೇರಿಸಿಲ್ಲ. 4,200ರ ಡಿಸ್ಕ್ ಬೇಕಾಗಲಿಲ್ಲ. ಉಬ್ಬಿದ ರಬ್ಬರ್ ಹಾಗೇ ಉಳಿದಿದ್ದರೆ ಆ ಹೊಸ ಡಿಸ್ಕೂ ಕೆಲವೇ ತಿಂಗಳಲ್ಲಿ ನಡುಗುತ್ತಿತ್ತು.

ಇನ್ನು ಹಿಂದಿನ ಡ್ರಮ್ ಬಿಚ್ಚಬೇಕು. ಹ್ಯಾಂಡ್‌ಬ್ರೇಕ್ ಏಳು ಹಲ್ಲು ಎಳೆದ ಮೇಲೆ ಹಿಡಿಯುತ್ತಿದೆ, ಶೂ ಹೊಂದಿಸುವುದಿದೆ. ಐದು ಸಾವಿರ ಕಿ.ಮೀ. ಆದಾಗ ಮುಂದಿನ ಎಡ ಪ್ಯಾಡುಗಳ ಒಳ, ಹೊರ ದಪ್ಪ ಮತ್ತೆ ಅಳೆಯುತ್ತೇನೆ. ಎರಡರ ನಡುವೆ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಬಿಚ್ಚುವುದು ಆ ಕೆಳಗಿನ ಪಿನ್ನನ್ನೇ.